ಹೂಂಗುಟ್ಟುವ ತರಗತಿ



ಕಥೆ ಕೇಳುವವರು ಹೂಂಗುಟ್ಟುತ್ತಿರಬೇಕು ಎನ್ನುವುದು ನಮ್ಮ ಮನೆಗಳ ಪದ್ಧತಿ. ಹೂಂ ನಿಂತರೆ ಮಗು ನಿದ್ದೆಹೋಯಿತೆಂದು ಅಜ್ಜಿಯೂ ಕಥೆ ನಿಲ್ಲಿಸುತ್ತಾಳೆ. ಈ ಪದ್ಧತಿ ಒಂದನೇ ತರಗತಿಗೂ ಬರಬೇಕು ಎಂಬುದು ನನ್ನ ಆಸೆ.

ಕಾಗಕ್ಕ ಗುಬ್ಬಕ್ಕನ ಕಥೆ ನಿಮಗೆ ಗೊತ್ತೇ ಇದೆ. ಮಳೆಯಲ್ಲಿ ಮನೆ ಕಳಕೊಂಡ ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ಸಲಕ್ಕೊಂದು ನೆಪ ಹೇಳುತ್ತಾಳೆ: ಮಗುವಿಗೆ ಎಣ್ಣೆ ಹಚ್ಚುತ್ತಿದ್ದೇನೆ, ನೀರು ಹಾಕುತ್ತಿದ್ದೇನೆ. ಮೂರನೇ ಸಲಕ್ಕೆ ಟೀಚರ್ ಸುಮ್ಮನಾದರೆ ಸಾಕು, ಮುಂದಿನ ನೆಪವನ್ನು ಮಕ್ಕಳೇ ಹುಡುಕುತ್ತಾರೆ. ಒಬ್ಬಳು ಜಡೆ ಹಾಕುತ್ತಾಳೆ, ಇನ್ನೊಬ್ಬ ತೊಟ್ಟಿಲು ತೂಗುತ್ತಾನೆ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗೂ ತಿರುತಿರುಗಿ ಬರುವ ಮಾತು, ಟೀಚರ್ ಕೈಸನ್ನೆ ಎರಡೂ ಸೇರಿ ಅರ್ಥ ಹೊಳೆಯುತ್ತದೆ.

ಮಾರನೇ ದಿನ ಮಕ್ಕಳಿಂದಲೇ ಕಥೆ ಹೇಳಿಸಬೇಕು. ಮೊದಮೊದಲು, "ಕಾಗಕ್ಕ ಬಂತು, ಆಮೇಲೆ ಬಾಗಿಲು ಬಡೀತು, ಆಮೇಲೆ..." ದಿನ ಕಳೆದಂತೆ ಅದೇ ಮಗು, "ಮಳೇಲಿ ನೆನೆದು, ನಡುಗ್ತಾ ಬಂದು ಬಾಗಿಲು ಬಡೀತು" ಎನ್ನುತ್ತದೆ. ಮುಂದೆ ಬರೆಯಬೇಕಾದ ಉದ್ದ ವಾಕ್ಯ ಬಾಯಲ್ಲೇ ಹದಗೊಳ್ಳುತ್ತಿದೆ. ನಡುವೆ ಬಾಯಿ ಹಾಕಿ, "ಬಡೀತು ಅಲ್ಲ, ಬಡಿಯಿತು" ಎಂದು ದಯವಿಟ್ಟು ತಿದ್ದಬೇಡಿ. ಮಗು ಮಾತನ್ನೇ ನಿಲ್ಲಿಸಿಬಿಡುತ್ತದೆ. ಅದು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆದು ಓದಿಸಿ. ತನ್ನದೇ ಮಾತಾದ್ದರಿಂದ ಅಕ್ಷರಗಳು ಬೇಗ ಪರಿಚಯವಾಗುತ್ತವೆ.

1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರ ತೆರೆದ ಗಿಜುಭಾಯಿ ಬಧೇಕಾ ಕಥೆಯ ಈ ಶಕ್ತಿಯನ್ನು ಬಲ್ಲವರು. ಅವರ 'ದಿವಾಸ್ವಪ್ನ' ಕೃತಿಯ ಮೇಷ್ಟ್ರು ಗದ್ದಲದ ನಾಲ್ಕನೇ ತರಗತಿಯನ್ನು ಒಲಿಸಿಕೊಳ್ಳುವುದು ಕಥೆಯಿಂದ; ರುಚಿ ಹತ್ತಿದ ಮೇಲೆಯೇ ಪುಸ್ತಕದ ಕಡೆ ಕರೆದೊಯ್ಯುತ್ತಾರೆ. ನಮ್ಮ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲೂ ಹಾಡು, ಆಟ, ಕಥೆಗೆ ಜಾಗವಿದೆ. ಪಾಠ ಮುಗಿಸುವ ಅವಸರದಲ್ಲಿ ಮೊದಲು ಕೈಬಿಟ್ಟುಹೋಗುವುದು ಕಥೆಯೇ ಎಂಬುದು ಸಂಕಟದ ಸಂಗತಿ.

ಇನ್ನು, ಕಥೆ ಮುಗಿದೊಡನೆ "ನೀತಿ ಏನು?" ಎಂದು ಕೇಳುವ ಅಭ್ಯಾಸ. ಎಲ್ಲರೂ ಒಂದೇ ಉತ್ತರ ಕೂಗಿ ಸುಮ್ಮನಾಗುತ್ತಾರೆ. ಗುಬ್ಬಕ್ಕ ಅಷ್ಟು ತಡ ಮಾಡಿದ್ದು ಸರಿಯಾ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿ ನೋಡಿ. ಒಬ್ಬಳು ಕಾಗಕ್ಕನ ಪರ, ಒಬ್ಬ ಗುಬ್ಬಕ್ಕನ ಪರ ವಾದಕ್ಕಿಳಿಯುತ್ತಾರೆ. "ಯಾಕಂದ್ರೆ", "ಆದ್ರೆ", "ಹಾಗಿದ್ರೆ" ಎಲ್ಲವೂ ಆ ಜಗಳದಲ್ಲೇ ಬಾಯಿಗೆ ಬರುತ್ತವೆ.