ಕಾರ್ತಿಕ ಮಾಸದ ಹಿತ್ತಿಲೂ ಮನೆಯ ಬೀಜವೂ



ದೀಪಾವಳಿಯು ಕಳೆದು ಹಿಂಗಾರು ಮಳೆಯು ಇಳಿಮುಖವಾದಂತೆ, ರಾಗಿಯ ಕೊಯ್ಲು ಮುಗಿಯುತ್ತ ಬಂದಂತೆ, ಹೊಲದ ಕೆಲಸವು ಕಡಮೆಯಾಗಿ ಸಂಜೆಯು ದೀರ್ಘವಾಗುವುದು. ಈ ವಿರಾಮವನ್ನು ಹಿತ್ತಿಲಿನಲ್ಲಿಯೂ ಜಗಲಿಯಲ್ಲಿಯೂ ಸಾರ್ಥಕಪಡಿಸಿಕೊಳ್ಳುವ ಬಗೆಯೇ ಈ ದಿನದ ವಿಷಯವು.

ಈಗಿನ ತಂಪು ಹವೆಯು ಮೂಲಂಗಿ, ಮೆಂತ್ಯ, ಕೊತ್ತಂಬರಿಗಳಿಗೆ ಬಹು ಅನುಕೂಲವಾದುದು. 10 ಅಡಿ ಉದ್ದ, 4 ಅಡಿ ಅಗಲದ ಪಾತಿಗಳನ್ನು ಮಾಡಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರಸತಕ್ಕದ್ದು. ಕೊತ್ತಂಬರಿ ಬೀಜವನ್ನು ಮೆಲ್ಲನೆ ಉಜ್ಜಿ, ಎರಡು ಹೋಳಾಗಿಸಿ ಬಿತ್ತಬೇಕು. ಮೆಂತ್ಯದ ಸೊಪ್ಪು 25–30 ದಿನಗಳಲ್ಲಿಯೂ ಮೂಲಂಗಿಯು ಸುಮಾರು 45 ದಿನಗಳಲ್ಲಿಯೂ ಕೈಗೆ ಬರುವುವು. ಎಲ್ಲವನ್ನೂ ಒಂದೇ ದಿನ ಬಿತ್ತದೆ, ವಾರಕ್ಕೊಂದು ಪಾತಿಯಂತೆ ಬಿತ್ತಿದರೆ ಸೊಪ್ಪು ತಪ್ಪದೆ ದೊರೆಯುವುದು. ಬಚ್ಚಲಿನ ಸಾಬೂನು ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಿ, ಸೊಪ್ಪಿನ ಪಾತಿಗಳಿಗೆ ಶುದ್ಧವಾದ ನೀರನ್ನೇ ಹಾಯಿಸತಕ್ಕದ್ದು.

ಆದರೆ ಪಾತಿಗಿಂತಲೂ ಮುಖ್ಯವಾದುದು ಬೀಜವು. ಪೇಟೆಯ ಬೀಜವು ಸುಲಭವಾಗಿ ದೊರೆಯತೊಡಗಿದ ಮೇಲೆ, ಅಜ್ಜಿಯರು ಸೋರೆಬುರುಡೆಯಲ್ಲಿ ಕಾಪಾಡುತ್ತಿದ್ದ ಅವರೆ, ಹೀರೆ, ಬದನೆಗಳ ತಳಿಗಳು ಅನೇಕ ಮನೆಗಳಿಂದ ಕಣ್ಮರೆಯಾದುವು. ಸಂಕರ ತಳಿಯ ಕಾಯಿಯಿಂದ ತೆಗೆದ ಬೀಜವು ತಾಯಿಗಿಡದ ಗುಣವನ್ನೇ ತೋರುವುದಿಲ್ಲ. ಆದುದರಿಂದ ಅದನ್ನು ವರ್ಷವರ್ಷವೂ ಹಣ ತೆತ್ತು ಕೊಳ್ಳಬೇಕಾಗುವುದು. ಒಮ್ಮೆ ಅಳಿದುಹೋದ ಊರಿನ ತಳಿಯನ್ನಾದರೋ ಎಷ್ಟು ಹಣ ತೆತ್ತರೂ ಪಡೆಯಲಾಗದು. ಉಡುಪಿಯ ಸಮೀಪದ ಮಟ್ಟು ಗ್ರಾಮದವರು ತಮ್ಮ ಊರಿನ ಗುಳ್ಳಬದನೆಯ ಬೀಜವನ್ನು ತಲೆಮಾರುಗಳಿಂದ ಬಿಡದೆ ಉಳಿಸಿಕೊಂಡು ಬಂದರು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆಯಿತು.

ಬೀಜ ಹಿಡಿಯುವ ಕ್ರಮವೇನೂ ಕಷ್ಟವಲ್ಲ. ರೋಗವಿಲ್ಲದ, ಚೆನ್ನಾಗಿ ಕಾಯಿ ಬಿಡುವ ಗಿಡಕ್ಕೆ ಗುರುತಿನ ದಾರವನ್ನು ಕಟ್ಟಿ, ಅದರ ಮೊದಲ ಒಳ್ಳೆಯ ಕಾಯಿಗಳನ್ನು ಅಡಿಗೆಗೆ ಕೊಯ್ಯದೆ ಬಿಡಬೇಕು. ಬದನೆಯು ಹಳದಿಯಾಗಿ ಹಣ್ಣಾಗಲಿ. ಹೀರೆಯು ಬಳ್ಳಿಯಲ್ಲಿಯೇ ಒಣಗಲಿ. ಅವರೆಯ ಹೂವು ಹೆಚ್ಚಾಗಿ ತನ್ನ ಪರಾಗದಿಂದಲೇ ಕಾಯಿಕಟ್ಟುವುದು. ಹೀರೆ, ಕುಂಬಳಗಳಿಗೆ ಪರಾಗವನ್ನು ಕೀಟಗಳು ತರುವುದರಿಂದ, ಎರಡು ಬಗೆಯ ಹೀರೆಯನ್ನು ಒತ್ತಾಗಿ ಬೆಳೆದರೆ ಬೀಜವು ಬೆರಕೆಯಾಗುವುದು. ಅವರೆಯ ಕಾಳನ್ನು ಹಲ್ಲಿನಿಂದ ಕಚ್ಚಿದರೆ ಕಟಕ್ಕನೆ ಮುರಿಯುವವರೆಗೆ ಒಣಗಿಸಿ, ಜರಡಿ ಹಿಡಿದ ಒಣಬೂದಿಯೊಡನೆ ಬೆರಸಿ, ಗಾಳಿಯಾಡದಂತೆ ಮುಚ್ಚಿಡತಕ್ಕದ್ದು. ಬೂದಿಯು ಕಾಳುಗಳ ಸಂದನ್ನು ತುಂಬಿ ಹುಳುಗಳ ಓಡಾಟವನ್ನು ತಡೆಯುವುದು.

ಸಂಜೆಯ ಹೊತ್ತು ಬೀಜವನ್ನು ಆರಿಸುವುದೂ ಪರೀಕ್ಷಿಸುವುದೂ ವೃದ್ಧರಿಗೂ ಮಕ್ಕಳಿಗೂ ಒಪ್ಪುವ, ಖರ್ಚಿಲ್ಲದ ವಿನೋದಗಳು. ಅವರೆಯ 100 ಕಾಳುಗಳನ್ನು ಎಣಿಸಿ, ಒದ್ದೆಬಟ್ಟೆಯಲ್ಲಿ ಸುತ್ತಿ, ಬಟ್ಟೆಯು ಆರದಂತೆ ನೋಡಿಕೊಂಡು, ವಾರದ ಮೇಲೆ ಮೊಳಕೆಗಳನ್ನು ಮಕ್ಕಳಿಂದ ಎಣಿಸಿರಿ. 80ಕ್ಕೆ ಮೇಲಾದರೆ ಬೀಜವು ಒಳ್ಳೆಯದು; 50 ಮಾತ್ರವಾದರೆ ಇಮ್ಮಡಿಯಾಗಿ ಬಿತ್ತಬೇಕು, ಇಲ್ಲವೆ ಬೇರೆ ಬೀಜವನ್ನು ಹುಡುಕಬೇಕು. ಬಳಿಕ ತಳಿಯ ಹೆಸರು, ಕೊಟ್ಟವರ ಮನೆ, ವರ್ಷ, ಇವನ್ನು ಚೀಟಿಯಲ್ಲಿ ಬರೆದು ಬೀಜದೊಡನೆ ಇಡಿರಿ.

ಕೊನೆಯದಾಗಿ ಊರಿನ ಹಿರಿಯರಲ್ಲಿ ಒಂದು ವಿಜ್ಞಾಪನೆ. ಯುಗಾದಿಗೆ ಮುಂಚೆ ಒಂದು ಸಂಜೆ ಎಲ್ಲ ಮನೆಯವರೂ ತಮ್ಮ ಬೀಜವನ್ನು ಚಾವಡಿಗೆ ತಂದು, ಒಬ್ಬರಿಗೊಬ್ಬರು ಹಿಡಿಹಿಡಿಯಾಗಿ ಹಂಚಿಕೊಳ್ಳುವಂತೆ ಏರ್ಪಡಿಸಿರಿ. ಮೊದಲನೆಯ ಹಿಡಿಯು ನಿಮ್ಮದೇ ಆಗಲಿ. ಒಂದು ಮನೆಯ ಬೀಜವನ್ನು ಹುಳು ತಿಂದರೂ, ಒಂದು ಹಿತ್ತಿಲಿಗೆ ನೀರು ತಪ್ಪಿದರೂ, ಆ ತಳಿಯು ಹತ್ತು ಮನೆಗಳಲ್ಲಿ ಉಳಿದಿರುವುದು.