'ಬಂಜೆ'ಗೆ ಪುಲ್ಲಿಂಗವೇಕಿಲ್ಲ?

(ಕೆಂಚನಗುಡ್ಡದಲ್ಲಿ ನಡೆದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ತುಂಗಭದ್ರೆಯ ದಡದ ಈ ಊರಿಗೆ ಬರುವಾಗ ದಾರಿಯುದ್ದಕ್ಕೂ ಭತ್ತದ ಗದ್ದೆಗಳನ್ನು ಕಂಡೆ. ನಿಮ್ಮ ತಾಲೂಕಿನ ಹೆಸರಾದ ಸಿರುಗುಪ್ಪವನ್ನು 'ಸಿರಿಯ ಗುಪ್ಪೆ', ಅಂದರೆ ಸಂಪತ್ತಿನ ರಾಶಿ ಎಂದು ಬಿಡಿಸಿ ಹೇಳುವುದುಂಟು. ಹೆಸರಿನಲ್ಲೇ ಸಮೃದ್ಧಿಯಿರುವ ನೆಲದಲ್ಲಿ ನಿಂತು 'ಫಲ' ಎಂಬ ಪದದ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಇದು ಕೇವಲ ಭಾಷೆಯ ವಿಚಾರವಲ್ಲ, ನಮ್ಮ ಮನೆಗಳ ವಿಚಾರವೂ ಹೌದು.

ಈ ಭಾಗದಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಕನ್ನಡದ 'ಹಣ್ಣು' ತೆಲುಗಿನಲ್ಲಿ 'ಪಂಡು'. ಅದೇ ಪದ ಕ್ರಿಯೆಯಾದಾಗ ಮಾಗು, ಫಸಲು ಕೊಡು ಎಂಬರ್ಥ. ಬೆಳೆಗೆ ಅವರು 'ಪಂಟ' ಎನ್ನುತ್ತಾರೆ. ಉರ್ದುವಿನಲ್ಲಿ ಫಲವತ್ತಾದ ಭೂಮಿ 'ಝರ್‌ಖೇಝ್', ಅಂದರೆ ಚಿನ್ನ ಮೇಲೇಳುವ ನೆಲ. ಫಾರ್ಸಿಯಿಂದ ಬಂದ 'ಬಾರ್' ಎಂದರೆ ಹಣ್ಣೂ ಹೌದು, ಹೊರೆಯೂ ಹೌದು. ಫಲ ಹೊತ್ತ ಕೊಂಬೆ ಬಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಅರಬಿಯಲ್ಲಿ ಹಣ್ಣಿಗೆ 'ಸಮರ್' ಎನ್ನುತ್ತಾರೆ. ಇಂದಿನ ಅರಬರು ಬಂಡವಾಳ ಹೂಡಿಕೆಗೆ ಬಳಸುವ 'ಇಸ್ತಿಸ್ಮಾರ್' ಅದೇ ಧಾತುವಿನದು. ಲ್ಯಾಟಿನ್ ಭಾಷೆಯ 'ಫೆಲಿಕ್ಸ್' ಮೊದಲು ಫಲ ನೀಡುವ ಎಂಬ ಅರ್ಥದಲ್ಲಿತ್ತು, ಅನಂತರ ಸುಖಿ, ಭಾಗ್ಯವಂತ ಎಂದಾಯಿತು.

ಇವೆಲ್ಲಕ್ಕಿಂತ ನಮಗೆ ಹತ್ತಿರವಾದ ಪದ ಇನ್ನೊಂದಿದೆ. ದಿನಕ್ಕೆ ಐದು ಬಾರಿ ಅದಾನ್ ನಮ್ಮನ್ನು 'ಫಲಾಹ್' ಕಡೆಗೆ ಕರೆಯುತ್ತದೆ. ವಿಜಯ, ಸಾಫಲ್ಯ ಎಂದು ಅದನ್ನು ಅನುವಾದಿಸುತ್ತೇವೆ. ಆದರೆ ಅದರ ಮೂಲ ಧಾತುವಿಗೆ ನೆಲವನ್ನು ಸೀಳು, ಉಳು ಎಂಬರ್ಥವಿದೆ. ಆದ್ದರಿಂದಲೇ ಅರಬಿಯಲ್ಲಿ ರೈತ 'ಫಲ್ಲಾಹ್'. ಇತ್ತ ಸಂಸ್ಕೃತದ 'ಫಲ್' ಧಾತುವಿಗೂ ಬಿರಿ, ಸೀಳು ಎಂಬ ಅರ್ಥವಿದೆ, ಫಲ ಕೊಡು ಎಂಬ ಅರ್ಥವೂ ಇದೆ. ಆ ಭಾಷೆಯಲ್ಲಿ ನೇಗಿಲಿನ ಗುಳಕ್ಕೆ 'ಫಾಲ' ಎಂಬ ಹೆಸರಿದೆ. ಅರಬಿ ಮತ್ತು ಸಂಸ್ಕೃತ ಬೇರೆ ಬೇರೆ ಭಾಷಾಕುಟುಂಬಗಳಿಗೆ ಸೇರಿದವು. ಧ್ವನಿಯ ಈ ಹೋಲಿಕೆ ಆಕಸ್ಮಿಕವಷ್ಟೇ. ಆದರೆ ಉಳದೆ ಫಲವಿಲ್ಲ ಎಂಬ ಅನುಭವ ಎರಡಕ್ಕೂ ಒಂದೇ. ಹಾಗಾದರೆ ಫಲವೆಂಬುದು ದುಡಿಮೆಯ ಮಾತು. ಅದು ಹೆಣ್ಣಿನ ಗರ್ಭಕ್ಕೆ ಮಾತ್ರ ಅಂಟಿಕೊಂಡ ಮಾತಾದದ್ದು ಹೇಗೆ?

ಫಲವಿಲ್ಲದಿರುವುದಕ್ಕೆ ನಾವು ಬಳಸುವ ಪದಗಳನ್ನು ಗಮನಿಸಿರಿ. ಬೆಳೆಯದ ಭೂಮಿ ಬಂಜರು. ಕರು ಹಾಕದ ಹಸು ಗೊಡ್ಡು. ಮಕ್ಕಳಾಗದ ಹೆಣ್ಣು ಬಂಜೆ, ತೆಲುಗಿನಲ್ಲಿ ಗೊಡ್ರಾಲು, ಉರ್ದುವಿನಲ್ಲಿ ಬಾಂಝ್. ಮಕ್ಕಳಾಗದ ಗಂಡಿಗೆ ನಮ್ಮ ಬೀದಿಯ ಮಾತಿನಲ್ಲಿ ಯಾವ ಪದವಿದೆ? ಪದವೇ ಇಲ್ಲವೆಂದರೆ ದೋಷವೂ ಇಲ್ಲವೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಬಿತ್ತಿದ್ದು ಮೊಳೆಯದಿದ್ದರೆ ರೈತ ಹೊಲವನ್ನಷ್ಟೇ ದೂರುವುದಿಲ್ಲ, ಬೀಜವನ್ನೂ ಒದ್ದೆ ಬಟ್ಟೆಯಲ್ಲಿ ಕಟ್ಟಿ ಪರೀಕ್ಷಿಸುತ್ತಾನೆ. ಭತ್ತಕ್ಕಿರುವ ಈ ನ್ಯಾಯ ಮನೆಯ ಸೊಸೆಗೇಕಿಲ್ಲ? ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆಂದು ವೈದ್ಯವಿಜ್ಞಾನ ಹೇಳುತ್ತದೆ. ಆದರೂ ಆಸ್ಪತ್ರೆಗೆ ಅಲೆಯುವವಳು ಅವಳೇ, ತವರಿಗೆ ಕಳುಹಿಸಲ್ಪಡುವವಳೂ ಅವಳೇ.

ಕುರ್‌ಆನ್ ಏನೆನ್ನುತ್ತದೆ? 42ನೆಯ ಅಧ್ಯಾಯವಾದ ಅಶ್ಶೂರಾದಲ್ಲಿ ಹೆಣ್ಣುಮಕ್ಕಳನ್ನಾಗಲಿ, ಗಂಡುಮಕ್ಕಳನ್ನಾಗಲಿ, ಎರಡನ್ನಾಗಲಿ ನೀಡುವುದೂ ನೀಡದಿರುವುದೂ ಅಲ್ಲಾಹನ ಇಚ್ಛೆಯೆಂದು ಹೇಳಲಾಗಿದೆ. ಸಂತಾನವಿಲ್ಲದಿರುವುದಕ್ಕೆ ಅಲ್ಲಿ ಬಳಸಿದ ಪದ 'ಅಕೀಮ್'. ಅರಬಿಯಲ್ಲಿ ಅದು ಗಂಡಿಗೂ ಹೆಣ್ಣಿಗೂ ಸಲ್ಲುವ ಪದ. ಅದರಲ್ಲಿ ದೂಷಣೆಯೂ ಇಲ್ಲ. ಹೀಗಿರುವಾಗ ಧರ್ಮದಲ್ಲಿಲ್ಲದ ಕಳಂಕವನ್ನು ನಾವು ಯಾರ ಅಪ್ಪಣೆಯಿಂದ ಹೊರಿಸುತ್ತಿದ್ದೇವೆ?

ನನ್ನ ಖಾಲಾ ಒಬ್ಬರಿಗೆ ಮಕ್ಕಳಿರಲಿಲ್ಲ. ನಮ್ಮದೇ ಕುಟುಂಬದ ಮದುವೆಯೊಂದರಲ್ಲಿ ಮದುಮಗಳಿಗೆ ಅರಿಶಿನ ಹಚ್ಚುವ ಹೊತ್ತಿಗೆ ಹಿರಿಯ ಹೆಂಗಸೊಬ್ಬರು ಅವರಿಗೆ, "ನೀನು ಸ್ವಲ್ಪ ಆ ಕಡೆ ಕೂಡಮ್ಮಾ" ಎಂದರು. ಖಾಲಾ ಒಂದು ಮಾತನ್ನೂ ಆಡದೆ ಎದ್ದು ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚತೊಡಗಿದರು. ಅಂದು ಆ ಮನೆಯಲ್ಲಿ ನೆರೆದಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಅಲಿಫ್, ಬಾ ಕಲಿಸಿದವರು ಅವರೇ. ಮದುಮಗಳಿಗೂ ಅವರೇ. ನನಗೂ ಅವರೇ. ನಾನು ಮದ್ರಸದ ಮೆಟ್ಟಿಲು ಹತ್ತುವ ಮೊದಲೇ ಓದು ಕಲಿತದ್ದು ಅವರ ಚಾಪೆಯ ಮೇಲೆ. ಅಂದು ಎದ್ದು ನಿಂತು, "ಇವರು ಇಲ್ಲೇ ಕೂರಲಿ" ಎನ್ನುವ ಧೈರ್ಯ ನನಗಿರಲಿಲ್ಲ. ಆ ನಾಚಿಕೆ ಇಂದಿಗೂ ಇದೆ.

ವಿಶ್ವಾಸಿಗಳ ಮಾತೆ ಆಯಿಶಾ(ರ)ರಿಗೆ ಮಕ್ಕಳಿರಲಿಲ್ಲ. ಅವರಿಂದ ವರದಿಯಾದ ಹದೀಸ್‌ಗಳ ಸಂಖ್ಯೆ 2,210. ಹಿರಿಯ ಸಹಾಬಿಗಳೂ ಸಂದೇಹ ಬಂದಾಗ ಅವರ ಬಾಗಿಲಿಗೆ ಹೋಗುತ್ತಿದ್ದರು. ಅವರನ್ನು ಫಲವಿಲ್ಲದವರೆನ್ನುವ ನಾಲಿಗೆ ಯಾರಿಗಿದೆ?

ಸಹೋದರರೇ, ಮಕ್ಕಳ ಹಂಬಲ ಸಹಜ. ಅದಕ್ಕಾಗಿ ಪ್ರವಾದಿ ಝಕರಿಯ್ಯಾ(ಅ)ರೂ ಪ್ರಾರ್ಥಿಸಿದ್ದರು. ಆದರೆ ಹಂಬಲ ಬೇರೆ, ಹಂಗಿಸುವುದು ಬೇರೆ. ವೈದ್ಯರಲ್ಲಿಗೆ ಗಂಡ ಹೆಂಡತಿ ಇಬ್ಬರೂ ಹೋಗಲಿ. ಮದುವೆಯ ಚಪ್ಪರದಲ್ಲಿ ಯಾವ ಹೆಣ್ಣನ್ನೂ ಪಕ್ಕಕ್ಕೆ ಸರಿಸದಿರೋಣ. 'ಬಂಜೆ' ಎಂಬ ಪದವನ್ನು ಇಂದೇ ನಮ್ಮ ಮನೆಗಳಿಂದ ಹೊರಗಟ್ಟೋಣ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅದಾನ್ ಕೇಳಿಸಲಿದೆ. ಫಲಾಹ್‌ನ ಆ ಕರೆ ತಾಯಂದಿರಿಗೆ ಮಾತ್ರವಲ್ಲ, ಎಲ್ಲರಿಗೂ ಇದೆ ಎಂಬುದನ್ನು ನೆನಪಿಟ್ಟು ಎದ್ದೇಳೋಣ. ಅಲ್ಲಾಹನು ನಮ್ಮ ನಾಲಿಗೆಗಳನ್ನು ಶುದ್ಧಗೊಳಿಸಲಿ. ಆಮೀನ್.