ಕಪ್ಪು–ಬಿಳುಪಿನ ಯೋಚನೆ
(ಕಾರ್ಮಿಕರ ಸಂಜೆ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮೊದಲು ಮೇಷ್ಟರಾಗಿದ್ದವನು. 35 ಅಂಕ ಬಂದ ಹುಡುಗನ ಹೆಸರಿನ ಮುಂದೆ ಪಾಸು ಎಂದೂ 34 ಬಂದವನ ಮುಂದೆ ನಪಾಸು ಎಂದೂ ಕೆಂಪು ಶಾಯಿಯಲ್ಲಿ ಬರೆದವನು. ಪರೀಕ್ಷೆಗೆ ಒಂದು ಗೆರೆ ಬೇಕು, ಸರಿ. ಆದರೆ ಆ ಗೆರೆಯನ್ನು ಹುಡುಗರ ಮೇಲೂ ಎಳೆದೆ. ಅವನು ಜಾಣ, ಇವನು ದಡ್ಡ ಎಂದು ವರ್ಷವಿಡೀ ಕರೆದೆ. ನಡುವೆ ಇದ್ದದ್ದು ಒಂದೇ ಅಂಕ. ಈ ಅಭ್ಯಾಸವನ್ನು ಮನಶ್ಶಾಸ್ತ್ರದವರು ಕಪ್ಪು–ಬಿಳುಪಿನ ಯೋಚನೆ ಎನ್ನುತ್ತಾರೆ.

ಮನಸ್ಸಿಗೆ ಇದು ಸುಲಭದ ದಾರಿ. ಕತ್ತಲಲ್ಲಿ ಹಾವೋ ಹಗ್ಗವೋ ಎಂದು ಚರ್ಚೆಗೆ ನಿಂತವನು ಕಚ್ಚಿಸಿಕೊಳ್ಳುತ್ತಾನೆ. ಹಗಲಿನಲ್ಲೂ ಅದೇ ಕಣ್ಣಿನಿಂದ ಮನುಷ್ಯರನ್ನು ನೋಡಿದರೆ ತೊಂದರೆ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಎಲ್ಸ್ ಫ್ರೆಂಕೆಲ್-ಬ್ರುನ್ಸ್‌ವಿಕ್ ಎಂಬಾಕೆ ವಿಯೆನ್ನಾದಲ್ಲಿ ಓದಿದ ಯಹೂದಿ ಮಹಿಳೆ. 1938ರಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ನುಂಗಿದಾಗ ದೇಶ ಬಿಟ್ಟು ಅಮೆರಿಕ ಸೇರಿದರು. 1949ರ ಲೇಖನದಲ್ಲಿ ಆಕೆ ಹೇಳುವ ಪ್ರಯೋಗ ಹೀಗಿದೆ: ಮೊದಲು ನಾಯಿಯ ಚಿತ್ರ. ಮುಂದಿನ ಒಂದೊಂದು ಚಿತ್ರದಲ್ಲೂ ನಾಯಿ ಸ್ವಲ್ಪ ಸ್ವಲ್ಪವೇ ಬದಲಾಗಿ ಕೊನೆಗೆ ಬೆಕ್ಕಾಗುತ್ತದೆ. ಪ್ರತಿ ಚಿತ್ರಕ್ಕೂ 'ಇದೇನು?' ಎಂಬ ಪ್ರಶ್ನೆ. ಪರ ಜನರ ಬಗ್ಗೆ ಪೂರ್ವಗ್ರಹ ಹೆಚ್ಚಾಗಿದ್ದವರು ನಾಯಿಯನ್ನು ಬೇಗ ಬಿಟ್ಟುಕೊಡಲಿಲ್ಲ. ಚಿಕ್ಕ ಪ್ರಯೋಗ, ಇದರ ಮೇಲೆ ಕೋಟೆ ಕಟ್ಟಬೇಕಾಗಿಲ್ಲ. ಆದರೂ ನಾಯಿಯೂ ಅಲ್ಲದ ಬೆಕ್ಕೂ ಅಲ್ಲದ ಚಿತ್ರದ ಮುಂದೆ ತಡವರಿಸುವುದು ನಮಗೆ ಗೊತ್ತಿಲ್ಲದ್ದೇ?

ಇದೇ ಯೋಚನೆ ತನ್ನ ಮೇಲೇ ತಿರುಗಿದರೆ ಇನ್ನೂ ಕ್ರೂರ. ಫಿಲಡೆಲ್ಫಿಯದ ವೈದ್ಯ ಆರನ್ ಬೆಕ್ ಖಿನ್ನತೆಯ ರೋಗಿಗಳ ಮಾತನ್ನು ವರ್ಷಗಟ್ಟಲೆ ಕೇಳಿದವರು. 1979ರಲ್ಲಿ ಸಹೋದ್ಯೋಗಿಗಳೊಡನೆ ಬರೆದ ಪುಸ್ತಕದಲ್ಲಿ ಅವರು ಇದನ್ನು ಆ ರೋಗಿಗಳ ಯೋಚನೆಯ ದೋಷಗಳಲ್ಲಿ ಒಂದೆಂದು ಎಣಿಸಿದರು. ಅಂಥವನ ಲೆಕ್ಕದಲ್ಲಿ ಮನುಷ್ಯ ನಿಷ್ಕಳಂಕ, ಇಲ್ಲವೆ ಪೂರಾ ಹಾಳು. ತಾನು ಯಾವಾಗಲೂ ಎರಡನೆಯದು. ಈ ಪದ್ಧತಿಯ ಚಿಕಿತ್ಸಕರು ಉಪದೇಶ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಸೊನ್ನೆಯಿಂದ ನೂರರವರೆಗೆ ಗೆರೆ ಎಳೆ. ಸೊನ್ನೆಯಲ್ಲಿ ಯಾರು, ನೂರರಲ್ಲಿ ಯಾರು, ನೀನೆಲ್ಲಿ? ಸೊನ್ನೆ ಎಂದುಕೊಂಡು ಬಂದವನು ಇಪ್ಪತ್ತಕ್ಕೆ ಸರಿದರೂ ಉಸಿರಾಡಲು ಜಾಗ ಸಿಕ್ಕಿತು. (ಖಿನ್ನತೆ ಬಲಿತವನಿಗೆ ನಾವೇ ಗೆರೆ ಎಳೆಸಿ ಕೈತೊಳೆದುಕೊಳ್ಳುವಂತಿಲ್ಲ, ಡಾಕ್ಟರ ಬಳಿ ಕರೆದೊಯ್ಯಬೇಕು.)

ನಮ್ಮಲ್ಲೇ ನೋಡಿ. ಎಳೆ ತಪ್ಪಿದ ಥಾನನ್ನು ಗಿರಣಿ ಸುಡುವುದಿಲ್ಲ. ಸೆಕೆಂಡ್ಸ್ ಎಂದು ಮಾರುತ್ತದೆ. ಪೇಟೆಯವರು ಕೊಳ್ಳುತ್ತೀರಿ, ನಾವು ಉಡುತ್ತೇವೆ. ಆದರೆ ಒಂದು ತಪ್ಪಿಗೆ ಜಾಬರನಿಂದ ಬೈಸಿಕೊಂಡವನು ಮನೆಗೆ ಹೋಗಿ 'ನಾನು ಯಾತಕ್ಕೂ ಬಾರದವನು' ಎನ್ನುತ್ತಾನೆ. ಬಟ್ಟೆಗೆ ಸಿಕ್ಕ ನ್ಯಾಯ ಅವನಿಗಿಲ್ಲ.

ಆಗಲೇ ಒಬ್ಬರು ಕೇಳಿದರು: ಹಾಗಾದರೆ ಕೂಲಿ ನುಂಗಿದವನೂ ಅರ್ಧ ಒಳ್ಳೆಯವನೆ? ನುಂಗಿದ್ದು ಅನ್ಯಾಯ, ಅದರಲ್ಲಿ ನಡುವಿಲ್ಲ. ಮುಷ್ಕರಕ್ಕೆ ಕೈ ಎತ್ತುವಾಗಲೂ ಹೌದು, ಇಲ್ಲ, ಎರಡೇ. ನಾನು ಹೇಳುತ್ತಿರುವುದು ಕೈ ಎತ್ತದೆ ಕುಳಿತವನ ವಿಚಾರ. ಅವನನ್ನು ದ್ರೋಹಿ ಎಂದೊಡನೆ ಅವನ ಬಗ್ಗೆ ಮತ್ತೇನೂ ಕೇಳಬೇಕಾಗುವುದಿಲ್ಲ. ಅಂಗಡಿ ಸಾಲ ಎಷ್ಟಿದೆ, ಹೆಂಡತಿಯ ಹೆರಿಗೆ ಯಾವಾಗ, ಹಿಂದಿನ ಸಲ ಕೈ ಎತ್ತಿ ಎಷ್ಟು ದಿನದ ಕೂಲಿ ಕಳೆದುಕೊಂಡ, ಯಾವುದೂ ಬೇಡ. ನಾನೂ ಹಾಗೆ ಅಂದಿದ್ದೇನೆ, ಇದೇ ವೇದಿಕೆಯಿಂದ. ಅಂದು ಆ ಮಾತು ಕೇಳಿಸಿಕೊಂಡ ಗೆಳೆಯರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ರಾತ್ರಿ ಪಾಳಿಯ ಸೈರನ್ ಆಗುವ ಮೊದಲು ಅವರ ಮಾತನ್ನೂ ಕೇಳೋಣ. ನಾನು ಕುಳಿತುಕೊಳ್ಳುತ್ತೇನೆ.